ಮೊಜಾಂಬಿಕ್ ಶಾಂತಿ ಸಂಧಾನದಲ್ಲಿ ಧಾರ್ಮಿಕ ಸಮುದಾಯಗಳ ಪಾತ್ರ: ಒಂದು ಪ್ರಕರಣ ಅಧ್ಯಯನ

ಆಫ್ರಿಕಾದ ಆಗ್ನೇಯ ಕರಾವಳಿಯ ಮೊಜಾಂಬಿಕ್ ದೇಶದಲ್ಲಿ 15 ವರ್ಷಕ್ಕೂ ಹೆಚ್ಚು ಕಾಲ ನಡೆದ ಅಂತರ್ಯುದ್ಧ 1992ರ ಅಕ್ಟೋಬರ್ 4ರಂದು ರೋಮ್ ನಗರದಲ್ಲಿ ಸಹಿಯಾದ ಸಾಮಾನ್ಯ ಶಾಂತಿ ಒಪ್ಪಂದದೊಂದಿಗೆ ಕೊನೆಗೊಂಡಿತು. ಆ ಒಪ್ಪಂದಕ್ಕೆ ಮಧ್ಯಸ್ಥಿಕೆ ವಹಿಸಿದ ನಾಲ್ವರಲ್ಲಿ ಒಂದು ಸರ್ಕಾರದ ಪ್ರತಿನಿಧಿಯಾಗಿ ಬಂದವರು ಇಟಲಿಯ ರಾಜಕಾರಣಿ ಮಾರಿಯೊ ರಫಾಯೆಲ್ಲಿ ಒಬ್ಬರೇ. ಉಳಿದ ಮೂವರು ಮೊಜಾಂಬಿಕ್‌ನ ಬೇರಾ ನಗರದ ಆರ್ಚ್‌ಬಿಷಪ್ ಜೈಮೆ ಗೊನ್ಸಾಲ್ವೆಸ್, ಇತಿಹಾಸದ ಪ್ರಾಧ್ಯಾಪಕ ಆಂದ್ರಿಯಾ ರಿಕಾರ್ಡಿ ಮತ್ತು ರೋಮ್‌ನ ಪಾದ್ರಿ ಮತ್ತಿಯೊ ಜುಪ್ಪಿ. ಅಧ್ಯಕ್ಷರುಗಳೂ ಪ್ರಾದೇಶಿಕ ಶಕ್ತಿಗಳೂ ಪ್ರಯತ್ನಿಸಿ ಕೈಚೆಲ್ಲಿದ್ದ ಕೆಲಸ ಇವರ ಕೈಯಲ್ಲಿ ಹೇಗೆ ಸಾಧ್ಯವಾಯಿತು ಎಂಬುದನ್ನು ಈ ಬರಹ ಪರಿಶೀಲಿಸುತ್ತದೆ. ಅವರ ಧರ್ಮಬೋಧನೆಗಿಂತ, ಯುದ್ಧದ ಎರಡೂ ಬದಿಯವರೊಂದಿಗೆ ಬಹಳ ವರ್ಷಗಳಿಂದ ಬೆಳೆದುಬಂದಿದ್ದ ಪರಿಚಯ ಮತ್ತು ಯಾರ ಮೇಲೂ ಒತ್ತಡ ಹೇರಲಾಗದ ಅವರ ಸ್ಥಿತಿಯೇ ಹೆಚ್ಚು ಕೆಲಸ ಮಾಡಿತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಯುದ್ಧದ ಹಿನ್ನೆಲೆ

ಮೊಜಾಂಬಿಕ್ 1975ರ ಜೂನ್ 25ರಂದು ಪೋರ್ಚುಗಲ್‌ನ ಆಳ್ವಿಕೆಯಿಂದ ಬಿಡುಗಡೆ ಹೊಂದಿತು. ವಿಮೋಚನಾ ಹೋರಾಟವನ್ನು ನಡೆಸಿದ್ದ ಫ್ರೆಲಿಮೊ ಸಂಘಟನೆ ಸಮೋರಾ ಮಾಶೆಲ್ ಅವರ ನಾಯಕತ್ವದಲ್ಲಿ ಅಧಿಕಾರಕ್ಕೆ ಬಂದು, 1977ರಲ್ಲಿ ತಾನು ಮಾರ್ಕ್ಸ್‌ವಾದಿ-ಲೆನಿನ್‌ವಾದಿ ಪಕ್ಷವೆಂದು ಘೋಷಿಸಿಕೊಂಡಿತು. ಪಕ್ಕದ ರೊಡೇಶಿಯಾದ ಬಿಳಿಯರ ಸರ್ಕಾರದ ಗುಪ್ತಚರ ವಿಭಾಗವು ಈ ಹೊಸ ಸರ್ಕಾರವನ್ನು ಅಲುಗಾಡಿಸಲು ರೆನಾಮೊ ಎಂಬ ಬಂಡುಕೋರ ಪಡೆಯನ್ನು ಕಟ್ಟಿತು. 1980ರಲ್ಲಿ ರೊಡೇಶಿಯಾ ಜಿಂಬಾಬ್ವೆಯಾದ ಮೇಲೆ ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರ ಆ ಪಡೆಯ ಪೋಷಣೆಯನ್ನು ವಹಿಸಿಕೊಂಡಿತು. ಹೊರಗಿನವರು ಹಚ್ಚಿದ ಈ ಬೆಂಕಿಗೆ ಒಳಗಿನ ಉರುವಲೂ ಸಿಕ್ಕಿತೆಂಬುದನ್ನು ಮರೆಯುವಂತಿಲ್ಲ. ರೈತರನ್ನು ಒತ್ತಾಯದಿಂದ ಸಾಮುದಾಯಿಕ ಗ್ರಾಮಗಳಿಗೆ ಸಾಗಿಸಿದ್ದು, ಊರಿನ ಸಾಂಪ್ರದಾಯಿಕ ಮುಖ್ಯಸ್ಥರನ್ನು ಪದಚ್ಯುತಗೊಳಿಸಿದ್ದು, ಪೂಜೆ-ವಿಧಿಗಳನ್ನು ಮೂಢನಂಬಿಕೆ ಎಂದು ಹೀಯಾಳಿಸಿದ್ದು, ಇವೆಲ್ಲ ಮಧ್ಯ ಮತ್ತು ಉತ್ತರ ಪ್ರಾಂತ್ಯಗಳ ಹಳ್ಳಿಗಳಲ್ಲಿ ಸರ್ಕಾರದ ವಿರುದ್ಧ ಕಹಿಯನ್ನು ಬೆಳೆಸಿದ್ದವು.

ಯುದ್ಧದಿಂದಲೂ ಅದರ ಬೆನ್ನಿಗೆ ಬಂದ ಕ್ಷಾಮದಿಂದಲೂ ಸತ್ತವರ ಸಂಖ್ಯೆಯನ್ನು ಸಾಮಾನ್ಯವಾಗಿ 10 ಲಕ್ಷದಷ್ಟು ಎಂದು ಅಂದಾಜಿಸಲಾಗುತ್ತದೆ. 15 ಲಕ್ಷಕ್ಕೂ ಹೆಚ್ಚು ಜನ ನೆರೆಯ ದೇಶಗಳಿಗೆ ಓಡಿಹೋದರು. ಬಡ ದೇಶವಾದ ಮಲಾವಿಯೊಂದೇ ಸುಮಾರು 10 ಲಕ್ಷ ಮಂದಿಗೆ ಆಶ್ರಯ ಕೊಟ್ಟಿತು. ರೆನಾಮೊ ಪಡೆ ಶಾಲೆ, ಆಸ್ಪತ್ರೆ, ರೈಲು ಮಾರ್ಗಗಳನ್ನು ಗುರಿಯಾಗಿಸಿಕೊಂಡು ನಾಶಮಾಡಿತು. ಮಕ್ಕಳನ್ನು ಅಪಹರಿಸಿ ಕೈಗೆ ಬಂದೂಕು ಕೊಟ್ಟಿತು. ಸರ್ಕಾರಿ ಸೈನಿಕರ ಕೈಯೂ ಶುದ್ಧವಾಗಿರಲಿಲ್ಲ.

ಅನುಮಾನದಿಂದ ಆರಂಭವಾದ ಸಂಬಂಧ

ಈ ದೇಶದಲ್ಲಿ ಕ್ಯಾಥೊಲಿಕ್ ಚರ್ಚು ಶಾಂತಿದೂತನ ಪಾತ್ರ ವಹಿಸುವುದು ಸ್ವಾತಂತ್ರ್ಯ ಬಂದ ವರ್ಷದಲ್ಲಿ ಯಾರೂ ಊಹಿಸಬಹುದಾದ ಸಂಗತಿಯಾಗಿರಲಿಲ್ಲ. 1940ರಲ್ಲಿ ವ್ಯಾಟಿಕನ್ ಮತ್ತು ಪೋರ್ಚುಗಲ್ ನಡುವೆ ಆದ ಒಪ್ಪಂದದ ಪ್ರಕಾರ ವಸಾಹತುಗಳಲ್ಲಿನ ಕ್ಯಾಥೊಲಿಕ್ ಮಿಷನ್‌ಗಳು ಸರ್ಕಾರದ ಅನುದಾನ ಪಡೆದು ಆಫ್ರಿಕನ್ನರ ಶಿಕ್ಷಣವನ್ನು ನೋಡಿಕೊಳ್ಳುತ್ತಿದ್ದವು. ಹೀಗಾಗಿ ಫ್ರೆಲಿಮೊ ಕಣ್ಣಿಗೆ ಚರ್ಚು ವಸಾಹತುಶಾಹಿಯ ಒಂದು ಅಂಗವಾಗಿಯೇ ಕಂಡಿತು. 1972ರಲ್ಲಿ ವಿರಿಯಾಮು ಹಳ್ಳಿಯಲ್ಲಿ ಪೋರ್ಚುಗೀಸ್ ಸೈನಿಕರು ನಡೆಸಿದ ಹತ್ಯಾಕಾಂಡವನ್ನು ಹೊರಜಗತ್ತಿಗೆ ತಿಳಿಸಿದವರು ಮಿಷನರಿ ಪಾದ್ರಿಗಳೇ ಆಗಿದ್ದರೂ, ನಂಪುಲಾದ ಬಿಷಪ್ ಮನುವೆಲ್ ವಿಯೆರಾ ಪಿಂಟೊ ಅವರನ್ನು ವಸಾಹತು ಸರ್ಕಾರ 1974ರಲ್ಲಿ ದೇಶದಿಂದ ಹೊರಗಟ್ಟಿದ್ದರೂ, ಆ ಅಪವಾದಗಳು ಒಟ್ಟು ಚಿತ್ರವನ್ನು ಬದಲಿಸಲಿಲ್ಲ. ಸ್ವಾತಂತ್ರ್ಯ ಬಂದು ಒಂದು ತಿಂಗಳಾಗುವಷ್ಟರಲ್ಲಿ ಮಿಷನ್ ಶಾಲೆಗಳೂ ಆಸ್ಪತ್ರೆಗಳೂ ರಾಷ್ಟ್ರೀಕರಣಗೊಂಡವು.

ಇಂಥ ಸಮಯದಲ್ಲಿ ಬೇರಾದ ಬಿಷಪ್ ಹುದ್ದೆಗೆ ಬಂದ ಗೊನ್ಸಾಲ್ವೆಸ್ ರೋಮ್‌ನಲ್ಲಿ ಸಾಂತೆಜಿದಿಯೊ ಸಮುದಾಯದ ಪರಿಚಯ ಮಾಡಿಕೊಂಡರು. ರಿಕಾರ್ಡಿ ಇನ್ನೂ ಪ್ರೌಢಶಾಲೆಯಲ್ಲಿ ಓದುತ್ತಿದ್ದಾಗ, 1968ರಲ್ಲಿ, ಗೆಳೆಯರೊಂದಿಗೆ ಸೇರಿ ಕಟ್ಟಿದ ಸಮುದಾಯವಿದು. ಕ್ಯಾಥೊಲಿಕ್ ಗೃಹಸ್ಥರೇ ಹೆಚ್ಚಾಗಿರುವ ಈ ಗುಂಪು ಸಂಜೆಯ ಪ್ರಾರ್ಥನೆ ಮತ್ತು ನಗರದ ಬಡವರ ಸೇವೆಯನ್ನು ತನ್ನ ಮುಖ್ಯ ಕಾಯಕವೆಂದು ಭಾವಿಸಿತ್ತು. ತ್ರಸ್ತೇವೆರೆ ಬಡಾವಣೆಯ ಹಳೆಯ ಕನ್ಯಾಮಠವೊಂದು ಅದರ ನೆಲೆಯಾಗಿತ್ತು. ರಾಜತಾಂತ್ರಿಕ ತರಬೇತಿ ಅವರಲ್ಲಿ ಯಾರಿಗೂ ಇರಲಿಲ್ಲ. ಮೊಜಾಂಬಿಕ್‌ನ ಚರ್ಚಿನ ಮೇಲಿನ ನಿರ್ಬಂಧಗಳ ಬಗ್ಗೆ ಗೊನ್ಸಾಲ್ವೆಸ್ ಹೇಳಿಕೊಂಡಾಗ ಅವರು ಮಾಡಿದ ಕೆಲಸ ವಿಶೇಷವಾದದ್ದು: ಫ್ರೆಲಿಮೊ ಯಾರ ಮಾತಿಗೆ ಬೆಲೆ ಕೊಟ್ಟೀತೆಂದು ಯೋಚಿಸಿ, ಬಿಷಪ್ಪರನ್ನು ಇಟಲಿಯ ಕಮ್ಯುನಿಸ್ಟ್ ಪಕ್ಷದ ನಾಯಕ ಎನ್ರಿಕೊ ಬರ್ಲಿಂಗ್ವೆರ್ ಅವರಿಗೆ ಭೇಟಿ ಮಾಡಿಸಿದರು. ಆಫ್ರಿಕಾದ ವಿಮೋಚನಾ ಹೋರಾಟಗಳನ್ನು ಬೆಂಬಲಿಸಿದ್ದ ಇಟಲಿಯ ಕಮ್ಯುನಿಸ್ಟರ ಮಾತು ಮೊಜಾಂಬಿಕ್‌ನ ರಾಜಧಾನಿ ಮಾಪುಟೊದಲ್ಲಿ ನಡೆಯುತ್ತಿತ್ತು. ಚರ್ಚಿನ ವಿಷಯದಲ್ಲಿ ಸರ್ಕಾರದ ಬಿಗಿ ಕ್ರಮೇಣ ಸಡಿಲವಾಯಿತು. 1980ರ ದಶಕದಲ್ಲಿ ಸಮುದಾಯವು ಆಹಾರ ಮತ್ತು ಔಷಧಿಯ ನೆರವನ್ನೂ ಕಳಿಸಿತು, 1985ರಲ್ಲಿ ಮಾಶೆಲ್ ಸ್ವತಃ ವ್ಯಾಟಿಕನ್‌ಗೆ ಬಂದು ಪೋಪ್ ಎರಡನೆಯ ಜಾನ್ ಪಾಲ್ ಅವರನ್ನು ಕಂಡರು. ಸಂಧಾನದ ಯೋಚನೆಯೇ ಇಲ್ಲದ ಕಾಲದಲ್ಲಿ ಬೆಳೆದ ಈ ನಂಟು ಮುಂದೆ ಸಂಧಾನಕ್ಕೆ ಬಂಡವಾಳವಾಯಿತು.

ಕಾಡಿನ ದಾರಿ

1986ರ ಅಕ್ಟೋಬರ್‌ನಲ್ಲಿ ಮಾಶೆಲ್ ವಿಮಾನ ಅಪಘಾತದಲ್ಲಿ ತೀರಿಕೊಂಡು ಜೋಕಿಮ್ ಚಿಸ್ಸಾನೊ ಅಧ್ಯಕ್ಷರಾದರು. 1987ರಲ್ಲಿ ಕ್ಯಾಥೊಲಿಕ್ ಬಿಷಪ್ಪರು ಹೊರಡಿಸಿದ ಪತ್ರ, ಎರಡೂ ಕಡೆಯವರು ಮುಖಾಮುಖಿ ಕುಳಿತು ಮಾತಾಡಬೇಕೆಂದು ಬಹಿರಂಗವಾಗಿ ಕೇಳಿತು. ರೆನಾಮೊವನ್ನು ‘ಸಶಸ್ತ್ರ ಡಕಾಯಿತರು’ ಎಂದೇ ಕರೆಯುತ್ತಿದ್ದ ಸರ್ಕಾರಕ್ಕೆ ಇದರಿಂದ ಸಿಟ್ಟು ಬಂತು. ಇದೇ ಹೊತ್ತಿಗೆ ಪ್ರಾಟೆಸ್ಟಂಟ್ ಚರ್ಚುಗಳ ಒಕ್ಕೂಟವಾದ ಮೊಜಾಂಬಿಕ್ ಕ್ರೈಸ್ತ ಮಂಡಳಿ, ಆಂಗ್ಲಿಕನ್ ಬಿಷಪ್ ಡಿನಿಸ್ ಸೆಂಗುಲಾನೆ ಮುಂತಾದವರ ಮೂಲಕ, ಗದ್ದಲವಿಲ್ಲದೆ ಚಿಸ್ಸಾನೊ ಅವರೊಂದಿಗೆ ಮಾತು ನಡೆಸುತ್ತಿತ್ತು. ಬಹಿರಂಗವಾಗಿ ಕೇಳಿದವರೂ ಒಳಗಿಂದ ಮನವೊಲಿಸಿದವರೂ ಇಬ್ಬರೂ ಬೇಕಾಗಿದ್ದರು. ಮೊಜಾಂಬಿಕ್‌ನ ಶಾಂತಿಯನ್ನು ಸಾಂತೆಜಿದಿಯೊ ಒಂದರದೇ ಸಾಧನೆಯೆಂದು ಬಣ್ಣಿಸುವವರು ಈ ಪ್ರಾಟೆಸ್ಟಂಟ್ ಪಾಲನ್ನು ಬಿಟ್ಟುಬಿಡುತ್ತಾರೆ, ಅದು ಅನ್ಯಾಯ.

1988ರಲ್ಲಿ ಗೊನ್ಸಾಲ್ವೆಸ್ ಗೊರೊಂಗೊಸಾ ಕಾಡಿನಲ್ಲಿದ್ದ ರೆನಾಮೊ ನೆಲೆಗೆ ಹೋಗಿ ಅದರ ನಾಯಕ ಅಫೊನ್ಸೊ ಡ್ಲಕಾಮಾ ಅವರನ್ನು ಭೇಟಿಯಾದರು. ಇಬ್ಬರೂ ಎನ್‌ಡಾವು ಜನಾಂಗದವರು, ಒಂದೇ ಮಾತೃಭಾಷೆಯವರು. ಹೊರಜಗತ್ತು ಕೇವಲ ದಕ್ಷಿಣ ಆಫ್ರಿಕಾದ ಕೈಗೊಂಬೆ ಎಂದು ತಿಳಿದಿದ್ದ ವ್ಯಕ್ತಿಯಲ್ಲಿ ಯುದ್ಧದ ದಣಿವೂ ಮಾತುಕತೆಯ ಬಯಕೆಯೂ ಇವೆ ಎಂಬ ವರದಿಯನ್ನು ಆರ್ಚ್‌ಬಿಷಪ್ ಹೊತ್ತು ತಂದರು. ಯಾವ ರಾಯಭಾರ ಕಚೇರಿಯಿಂದಲೂ ಚಿಸ್ಸಾನೊ ಅವರಿಗೆ ಸಿಗಲಾರದ ಮಾಹಿತಿ ಅದು. 1989ರ ಆಗಸ್ಟ್‌ನಲ್ಲಿ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟಂಟ್ ನಾಯಕರು ಒಟ್ಟಾಗಿ ನೈರೋಬಿಯಲ್ಲಿ ರೆನಾಮೊ ಪ್ರತಿನಿಧಿಗಳನ್ನು ಕಂಡರು. ಕೀನ್ಯಾದ ಅಧ್ಯಕ್ಷ ಮೋಯಿ ಮತ್ತು ಜಿಂಬಾಬ್ವೆಯ ಅಧ್ಯಕ್ಷ ಮುಗಾಬೆ ಮಧ್ಯಸ್ಥರಾಗಲು ಪ್ರಯತ್ನಿಸಿದರು. ಆದರೆ ಕೀನ್ಯಾ ರೆನಾಮೊ ಪರವೆಂದು ಸರ್ಕಾರಕ್ಕೂ, ಮೊಜಾಂಬಿಕ್ ನೆಲದಲ್ಲಿ ಸಾವಿರಾರು ಸೈನಿಕರನ್ನಿರಿಸಿದ್ದ ಜಿಂಬಾಬ್ವೆ ತಮ್ಮ ವೈರಿಯೆಂದು ರೆನಾಮೊಗೂ ಅನ್ನಿಸುತ್ತಿತ್ತು. 1990ರ ಜೂನ್‌ನಲ್ಲಿ ಮಲಾವಿಯ ಬ್ಲಾಂಟೈರ್‌ನಲ್ಲಿ ನೇರ ಮಾತುಕತೆ ಏರ್ಪಟ್ಟಾಗ ಸರ್ಕಾರದ ನಿಯೋಗ ಬಂದು ಕಾದಿತು, ರೆನಾಮೊ ಬರಲೇ ಇಲ್ಲ. ಒಂದು ತಿಂಗಳೊಳಗೆ ಎರಡೂ ಪಕ್ಷಗಳು ರೋಮ್‌ಗೆ ಬಂದವು.

ರೋಮ್‌ನ 27 ತಿಂಗಳು

1990ರ ಜುಲೈ 8ರಂದು ಸಾಂತೆಜಿದಿಯೊ ಮಠದಲ್ಲಿ ಮೊದಲ ಸಭೆ ನಡೆಯಿತು. ಸರ್ಕಾರದ ನಿಯೋಗಕ್ಕೆ ಸಚಿವ ಅರ್ಮಾಂಡೊ ಗೆಬುಜಾ, ರೆನಾಮೊ ನಿಯೋಗಕ್ಕೆ ರಾವುಲ್ ಡೊಮಿಂಗೊಸ್ ಮುಖ್ಯಸ್ಥರಾಗಿದ್ದರು. ಭಿನ್ನತೆಯನ್ನು ಬದಿಗಿಟ್ಟು ಒಂದುಗೂಡಿಸುವುದನ್ನು ಹುಡುಕಬೇಕೆಂಬ ಪೋಪ್ 23ನೆಯ ಜಾನ್ ಅವರ ಧೋರಣೆಯನ್ನು ರಿಕಾರ್ಡಿ ಆರಂಭದಲ್ಲಿಯೇ ನಿಯೋಗಗಳ ಮುಂದಿಟ್ಟರು. ಜುಲೈ 10ರ ಜಂಟಿ ಹೇಳಿಕೆಯಲ್ಲಿ ಎರಡೂ ಪಕ್ಷಗಳು ತಾವು ಒಂದೇ ಮೊಜಾಂಬಿಕ್ ಕುಟುಂಬದ ಸದಸ್ಯರೆಂದು ಒಪ್ಪಿಕೊಂಡವು. ‘ಡಕಾಯಿತರು’ ಎಂದು ಕರೆಸಿಕೊಂಡಿದ್ದವರಿಗೆ ಈ ಒಂದು ಸಾಲು ಎಷ್ಟು ದೊಡ್ಡದಾಗಿತ್ತೆಂದರೆ, ಮುಂದಿನ ಬಿಕ್ಕಟ್ಟುಗಳಲ್ಲೆಲ್ಲ ಮಧ್ಯಸ್ಥರು ಇದಕ್ಕೇ ಮರಳಿ ಮರಳಿ ಬಂದರು.

ಆ ದಿನಗಳಲ್ಲಿ ಈ ನಾಲ್ವರು ಕೇವಲ ವೀಕ್ಷಕರಾಗಿದ್ದರು. ಯಾರನ್ನು ಮಧ್ಯಸ್ಥರನ್ನಾಗಿ ಮಾಡುವುದೆಂಬ ಜಗಳ ತೀರದೇ ಹೋದಾಗ, ಕೋಣೆಯಲ್ಲಿ ಈಗಾಗಲೇ ಇರುವವರೇ ಸಾಕೆಂದು ಎರಡೂ ಕಡೆಯವರು ತೀರ್ಮಾನಿಸಿದರು. ಇದು ಪ್ರಕರಣದ ಅತ್ಯಂತ ಮುಖ್ಯ ಘಟ್ಟವೆಂದು ನಾನು ಭಾವಿಸುತ್ತೇನೆ. ಸಮುದಾಯಕ್ಕೆ ಸೈನ್ಯವಿರಲಿಲ್ಲ, ಮೊಜಾಂಬಿಕ್‌ನ ಬಂದರಿನ ಮೇಲೋ ಗಣಿಯ ಮೇಲೋ ಆಸಕ್ತಿಯಿರಲಿಲ್ಲ, ಮಾತುಕತೆ ಮುರಿದರೆ ಶಿಕ್ಷಿಸುವ ಶಕ್ತಿಯೂ ಇರಲಿಲ್ಲ. ಅದರ ಎದುರು ಸೋಲನ್ನೊಪ್ಪಿಕೊಳ್ಳುವ ಭಯ ಯಾರಿಗೂ ಇರಲಿಲ್ಲ. ರೆನಾಮೊ ನಿಯೋಗದ ಅನೇಕರು ಕಾಡಿನ ಯುದ್ಧ ಬಿಟ್ಟರೆ ಬೇರೇನೂ ಕಾಣದವರು, ಕಾನೂನಿನ ಕರಡನ್ನು ಓದಿ ಅಭ್ಯಾಸವಿಲ್ಲದವರು. ಅವರಿಗೆ ಸಂವಿಧಾನ, ಚುನಾವಣೆ, ಪಕ್ಷ ಎಂಬ ವಿಷಯಗಳನ್ನು ಅರ್ಥ ಮಾಡಿಕೊಳ್ಳುವಷ್ಟು ಸಮಯವನ್ನು ತಾಳ್ಮೆಯಿಂದ ಕೊಡಲಾಯಿತು. ಅವಸರದ ಅಂತಾರಾಷ್ಟ್ರೀಯ ಸಮ್ಮೇಳನವೊಂದು ಇಷ್ಟು ಕಾಯುತ್ತಿರಲಿಲ್ಲ.

ಪ್ರಗತಿ ನಿಧಾನವಾಗಿತ್ತು. 1990ರ ಡಿಸೆಂಬರ್ 1ರಂದು ಜಿಂಬಾಬ್ವೆ ಸೈನಿಕರು ಬೇರಾ ಮತ್ತು ಲಿಂಪೊಪೊ ಸಾರಿಗೆ ಮಾರ್ಗಗಳಿಗೆ ಸೀಮಿತರಾಗಬೇಕೆಂಬ ಭಾಗಶಃ ಒಪ್ಪಂದವಾಯಿತು. 1991ರ ಅಕ್ಟೋಬರ್‌ನಲ್ಲಿ ಮೂಲ ತತ್ವಗಳ ಕುರಿತು, ನವೆಂಬರ್‌ನಲ್ಲಿ ರಾಜಕೀಯ ಪಕ್ಷಗಳ ಕುರಿತು, 1992ರ ಮಾರ್ಚ್‌ನಲ್ಲಿ ಚುನಾವಣಾ ಪದ್ಧತಿಯ ಕುರಿತು ಒಡಂಬಡಿಕೆಗಳಾದವು. ನಡುನಡುವೆ ರೆನಾಮೊ ಹೊರನಡೆಯಿತು, ಯುದ್ಧವಂತೂ ಮುಂದುವರಿದೇ ಇತ್ತು. ಆ ವರ್ಷ ಆಫ್ರಿಕಾ ಖಂಡದ ದಕ್ಷಿಣ ಭಾಗವನ್ನೆಲ್ಲ ಸುಟ್ಟ ಬರಗಾಲದಲ್ಲಿ ಎರಡೂ ಸೈನ್ಯಗಳಿಗೆ ಹೊಟ್ಟೆಗಿಲ್ಲದಂತಾದದ್ದು, ಶೀತಲ ಸಮರ ಮುಗಿದು ಎರಡೂ ಕಡೆಯ ಪೋಷಕರು ಹಿಂದೆ ಸರಿದದ್ದು, ಫ್ರೆಲಿಮೊ 1989ರಲ್ಲಿ ಮಾರ್ಕ್ಸ್‌ವಾದವನ್ನು ಕೈಬಿಟ್ಟದ್ದು ಒಪ್ಪಂದವನ್ನು ಹತ್ತಿರಕ್ಕೆ ತಂದ ದೊಡ್ಡ ಕಾರಣಗಳು. ಪಾದ್ರಿಗಳ ಸದ್ಗುಣವೊಂದರಿಂದಲೇ ಶಾಂತಿ ಬಂತೆಂದು ಹೇಳುವುದು ಸರಿಯಲ್ಲ. ಆದರೆ ಅಂಗೋಲಾದಲ್ಲೂ ಶೀತಲ ಸಮರ ಮುಗಿದಿತ್ತು. ಅಲ್ಲಿನ ಒಪ್ಪಂದ 1992ರ ಚುನಾವಣೆಯ ಬೆನ್ನಿಗೇ ಮುರಿದುಬಿದ್ದು ಯುದ್ಧ ಮತ್ತೆ ಹತ್ತು ವರ್ಷ ಎಳೆಯಿತು.

ಸರ್ಕಾರಗಳು ಮಾಡಿದ ಕೆಲಸ

ಧಾರ್ಮಿಕ ಸಮುದಾಯಗಳನ್ನು ರಾಜತಂತ್ರದಲ್ಲಿ ತೊಡಗಿಸುವ ಬಗ್ಗೆ ಯೋಚಿಸುವವರು ಈ ಭಾಗವನ್ನು ಎಚ್ಚರದಿಂದ ನೋಡಬೇಕು. ಇಟಲಿ ಸರ್ಕಾರ ಖರ್ಚು ಭರಿಸಿತು, ಕಟ್ಟಡದ ಭದ್ರತೆ ಮತ್ತು ಪ್ರಯಾಣದ ವ್ಯವಸ್ಥೆ ಮಾಡಿತು. ಕದನವಿರಾಮದ ಸೇನಾ ವಿವರಗಳು ಮೇಜಿಗೆ ಬಂದಾಗ ಅವುಗಳನ್ನು ಬರೆಯುವ ಶಕ್ತಿ ಪಾದ್ರಿಗಳಿಗಾಗಲಿ ಪ್ರಾಧ್ಯಾಪಕರಿಗಾಗಲಿ ಇರಲಿಲ್ಲ. 1992ರಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ಪೋರ್ಚುಗಲ್ ಮತ್ತು ವಿಶ್ವಸಂಸ್ಥೆ ವೀಕ್ಷಕರಾಗಿ ಸೇರಿ ತಜ್ಞರನ್ನು ಒದಗಿಸಿದವು. ಅಷ್ಟಾದರೂ ಆ ಸರ್ಕಾರಗಳು ಮಾತುಕತೆಯನ್ನು ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ. ಸರ್ಕಾರಿ ಮತ್ತು ಸರ್ಕಾರೇತರ ಪ್ರಯತ್ನಗಳ ಈ ಹೊಂದಾಣಿಕೆಯನ್ನು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಬುಟ್ರೋಸ್ ಘಾಲಿ ‘ಇಟಲಿಯ ಸೂತ್ರ’ವೆಂದು ಹೊಗಳಿದರು.

ಸಹಿಯಾದ ಮೇಲೆ ಹೊಣೆ ವಿಶ್ವಸಂಸ್ಥೆಗೆ ದಾಟಿತು. 1992ರ ಡಿಸೆಂಬರ್‌ನಲ್ಲಿ ಭದ್ರತಾ ಮಂಡಳಿಯ 797ನೆಯ ನಿರ್ಣಯದಂತೆ ರಚನೆಯಾದ ಶಾಂತಿಪಾಲನಾ ಪಡೆಯಲ್ಲಿ ಭಾರತದ ಸೈನಿಕರೂ ಇದ್ದರು. 75,000ಕ್ಕೂ ಹೆಚ್ಚು ಯೋಧರನ್ನು ಸೇನೆಯಿಂದ ಬಿಡುಗಡೆ ಮಾಡಲಾಯಿತು. ರೆನಾಮೊ ಒಂದು ರಾಜಕೀಯ ಪಕ್ಷವಾಗಿ ನಿಲ್ಲಲೆಂದು ಅಂತಾರಾಷ್ಟ್ರೀಯ ನಿಧಿಯಿಂದ ಹಣವನ್ನೂ ಕೊಡಲಾಯಿತು. 1994ರ ಅಕ್ಟೋಬರ್ ಚುನಾವಣೆಯ ಹೊಸ್ತಿಲಲ್ಲಿ ಡ್ಲಕಾಮಾ ತಾವು ಸ್ಪರ್ಧಿಸುವುದಿಲ್ಲವೆಂದು ಸಾರಿ, ಒತ್ತಡ ಬಂದ ಮೇಲೆ ಮರಳಿದರು. ಚಿಸ್ಸಾನೊ ಶೇ 53ರಷ್ಟು, ಡ್ಲಕಾಮಾ ಶೇ 34ರಷ್ಟು ಮತ ಪಡೆದರು. 250 ಸ್ಥಾನಗಳ ಸಂಸತ್ತಿನಲ್ಲಿ ಫ್ರೆಲಿಮೊಗೆ 129, ರೆನಾಮೊಗೆ 112 ಸ್ಥಾನಗಳು ಸಿಕ್ಕವು.

ಇದೇ ಸಾಂತೆಜಿದಿಯೊ ಸಮುದಾಯ ಅಲ್ಜೀರಿಯಾದ ಅಂತರ್ಯುದ್ಧದ ವಿಷಯದಲ್ಲೂ ಪ್ರಯತ್ನಿಸಿ ಸೋತಿತು. 1995ರ ಜನವರಿಯಲ್ಲಿ ಅಲ್ಲಿನ ಪ್ರಮುಖ ವಿರೋಧ ಪಕ್ಷಗಳು, ನಿಷೇಧಿತ ಇಸ್ಲಾಮಿಕ್ ರಂಗವೂ ಸೇರಿದಂತೆ, ರೋಮ್‌ನಲ್ಲಿ ಒಂದು ರಾಜಕೀಯ ಪರಿಹಾರದ ಕರಡಿಗೆ ಸಹಿ ಹಾಕಿದವು. ಅಲ್ಜೀರಿಯಾ ಸರ್ಕಾರ ಅದರತ್ತ ಮುಖ ತಿರುಗಿಸಿಯೂ ನೋಡಲಿಲ್ಲ. ಕೋಣೆ ಅದೇ, ಆತಿಥೇಯರೂ ಅವರೇ. ಆದರೆ ಸರ್ಕಾರವೂ ನಂಬುವ, ಬಂಡುಕೋರರ ಭಾಷೆಯನ್ನೂ ಆಡುವ ಗೊನ್ಸಾಲ್ವೆಸ್ ಅವರಂಥ ಒಬ್ಬ ಮಣ್ಣಿನ ಮಗ ಅಲ್ಲಿರಲಿಲ್ಲ.

ಹಳ್ಳಿಗಳಲ್ಲಿ ಆದ ಶಾಂತಿ

ಒಪ್ಪಂದವಾದ ಹತ್ತೇ ದಿನಗಳ ಆಸುಪಾಸಿನಲ್ಲಿ ಸಂಸತ್ತು ಎರಡೂ ಕಡೆಯವರ ಯುದ್ಧಾಪರಾಧಗಳಿಗೆ ಸಾರ್ವತ್ರಿಕ ಕ್ಷಮಾದಾನ ನೀಡಿತು. ಸತ್ಯಶೋಧನಾ ಆಯೋಗವಾಗಲಿ ವಿಚಾರಣೆಯಾಗಲಿ ನಡೆಯಲಿಲ್ಲ. ಹಾಗಾದರೆ ಕೊಂದವನೂ ಕೊಲೆಯಾದವನ ಮನೆಯವರೂ ಒಂದೇ ಊರಿನಲ್ಲಿ ಬಾಳಿದ್ದು ಹೇಗೆ? ಇದರ ಉತ್ತರದ ದೊಡ್ಡ ಭಾಗ ರೋಮ್‌ನ ಮೇಜಿಗೆ ಯಾರೂ ಕರೆಯದಿದ್ದ ಧಾರ್ಮಿಕರ ಬಳಿ ಇತ್ತು: ಹಳ್ಳಿಯ ನಾಟಿವೈದ್ಯರು, ಮೈಮೇಲೆ ದೈವ ಬರುವವರು, ಪ್ರಾರ್ಥನೆಯಿಂದ ರೋಗ ವಾಸಿಮಾಡುವ ಚಿಕ್ಕಪುಟ್ಟ ಜಿಯೋನ್ ಚರ್ಚುಗಳ ಪಾದ್ರಿಗಳು.

ದಕ್ಷಿಣ ಮೊಜಾಂಬಿಕ್‌ನ ಹಳ್ಳಿಗಳಲ್ಲಿ ನಡೆದ ಒಂದು ವಿಧಿಯ ವಿವರ ಹೀಗಿದೆ. ರೆನಾಮೊ ಶಿಬಿರದಿಂದ ಮನೆಗೆ ಮರಳಿದ ಹುಡುಗನಿಗಾಗಿ ಊರಾಚೆ ಹುಲ್ಲಿನ ಒಂದು ಸಣ್ಣ ಗುಡಿಸಲನ್ನು ಕಟ್ಟುತ್ತಾರೆ. ಹುಡುಗ ಶಿಬಿರದಲ್ಲಿ ತೊಟ್ಟಿದ್ದ ಕೊಳಕು ಬಟ್ಟೆಯಲ್ಲಿಯೇ ಅದರೊಳಕ್ಕೆ ಹೋಗಿ ಬಟ್ಟೆಯನ್ನು ಕಳಚಿಡುತ್ತಾನೆ. ಗುಡಿಸಲಿಗೆ ಬೆಂಕಿ ಇಡಲಾಗುತ್ತದೆ, ಮನೆಯ ಹಿರಿಯನೊಬ್ಬ ಅವನನ್ನು ಹೊರಗೆ ಕರೆತರುತ್ತಾನೆ, ಬಟ್ಟೆಯೂ ಗುಡಿಸಲೂ ಒಟ್ಟಿಗೇ ಸುಟ್ಟುಹೋಗುತ್ತವೆ. ಬಳಿಕ ಹಿರಿಯರ ಆತ್ಮಗಳಿಗೆ ಕೋಳಿಯ ಬಲಿ ಕೊಟ್ಟು, ಹುಡುಗನಿಗೆ ಗಿಡಮೂಲಿಕೆಯ ಹೊಗೆ ಹಿಡಿದು, ಮದ್ದಿನ ನೀರಿನಲ್ಲಿ ಮೀಯಿಸುತ್ತಾರೆ. ಅವನು ಮಾಡಿದ್ದೇನೆಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಗೊರೊಂಗೊಸಾ ಭಾಗದಲ್ಲಿ ಕ್ರಮ ಬೇರೆಯಾಗಿತ್ತು: ಯುದ್ಧದಲ್ಲಿ ಸತ್ತ ಸೈನಿಕರ ‘ಗಾಂಬಾ’ ಎಂಬ ಪ್ರೇತಗಳು ಬದುಕಿರುವವರ ಮೈಮೇಲೆ ಬಂದು ತಮಗಾದ ಅನ್ಯಾಯವನ್ನು ಎಲ್ಲರೆದುರು ನುಡಿಯುತ್ತಿದ್ದವು. ಸಂಬಂಧಪಟ್ಟ ಕುಟುಂಬಗಳು ತಪ್ಪನ್ನು ಒಪ್ಪಿ ಪರಿಹಾರವನ್ನು ಮಾತಾಡಿ ತೀರಿಸಬೇಕಾಗುತ್ತಿತ್ತು. ಕಾನೂನು ಮೌನವಾಗಿದ್ದ ಕಡೆ ನ್ಯಾಯದ ಮಾತು ಈ ಮೂಲಕ ಹೊರಬಂತು. ಒಂದು ಕಾಲಕ್ಕೆ ಫ್ರೆಲಿಮೊ ಅಳಿಸಿಹಾಕಲು ಹೊರಟಿದ್ದ ಪದ್ಧತಿಗಳೇ ಇವು.

ಬಿಷಪ್ ಸೆಂಗುಲಾನೆ ಅವರ ಮುಂದಾಳತ್ವದಲ್ಲಿ ಕ್ರೈಸ್ತ ಮಂಡಳಿ 1995ರಲ್ಲಿ ಆರಂಭಿಸಿದ ಕಾರ್ಯಕ್ರಮವೂ ಇಲ್ಲಿ ಉಲ್ಲೇಖಾರ್ಹ. ಯುದ್ಧ ಮುಗಿದರೂ ಎಷ್ಟೋ ಬಂದೂಕುಗಳು ಮನೆಗಳಲ್ಲಿ, ಹೂತಿಟ್ಟ ಗುಂಡಿಗಳಲ್ಲಿ ಉಳಿದಿದ್ದವು. ಕತ್ತಿಗಳನ್ನು ನೇಗಿಲ ಕುಳಗಳಾಗಿ ಬಡಿಯುವ ಬೈಬಲ್ಲಿನ ಪ್ರವಾದಿವಾಣಿಯನ್ನು ಅಕ್ಷರಶಃ ತೆಗೆದುಕೊಂಡ ಮಂಡಳಿಯು, ಬಂದೂಕು ತಂದುಕೊಟ್ಟವರಿಗೆ ಸನಿಕೆ, ಹೊಲಿಗೆ ಯಂತ್ರ, ಸೈಕಲ್ಲು ಕೊಟ್ಟಿತು. ಹೆಸರನ್ನಾಗಲಿ ಹಿನ್ನೆಲೆಯನ್ನಾಗಲಿ ವಿಚಾರಿಸುತ್ತಿರಲಿಲ್ಲ, ಏಕೆಂದರೆ ಪೊಲೀಸರ ಬಳಿಗೆ ಹೋಗಲು ಹೆದರುವವರು ಚರ್ಚಿನ ಬಳಿಗೆ ಬರಬಹುದೆಂಬುದೇ ಅದರ ಆಧಾರವಾಗಿತ್ತು. ಸಂಗ್ರಹವಾದ ಆಯುಧಗಳನ್ನು ತುಂಡರಿಸಿ ಮಾಪುಟೊದ ಕಲಾವಿದರಿಗೆ ಕೊಡಲಾಯಿತು. ಅವುಗಳಿಂದ ಕೆಸ್ಟರ್ ಎಂಬ ಕಲಾವಿದ 2001ರಲ್ಲಿ ಮಾಡಿದ ಸಿಂಹಾಸನವು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರ ಬೆನ್ನೊರಗಿಗೆ ಬಳಸಿರುವುದು ಪೋರ್ಚುಗೀಸ್ ಸೈನ್ಯದ ಜಿ-3 ರೈಫಲ್‌ಗಳನ್ನು, ಉಳಿದ ಭಾಗಗಳಲ್ಲಿ ಎಕೆ-47ರ ತುಂಡುಗಳಿವೆ. ಅದರಲ್ಲಿರುವ ಯಾವ ಬಂದೂಕೂ ಆಫ್ರಿಕಾದಲ್ಲಿ ತಯಾರಾದದ್ದಲ್ಲ.

ಮಿತಿಗಳು

ರೋಮ್ ಒಪ್ಪಂದವು ಬಂದೂಕು ಹಿಡಿದ ಎರಡು ಗುಂಪುಗಳ ನಡುವಿನ ಒಪ್ಪಂದವಾಗಿತ್ತು. ಮಹಿಳೆಯರಿಗಾಗಲಿ, ಶಸ್ತ್ರ ಹಿಡಿಯದ ಪಕ್ಷಗಳಿಗಾಗಲಿ ಅಲ್ಲಿ ಜಾಗವಿರಲಿಲ್ಲ. ಧರ್ಮದ ನೆಲೆಯಿಂದ ನೋಡಿದರೂ ಅದು ಕ್ರೈಸ್ತರ ಮೇಜು. ಉತ್ತರದ ಕರಾವಳಿಯಲ್ಲಿ ಶತಮಾನಗಳಿಂದ ನೆಲೆಸಿರುವ ಮುಸ್ಲಿಂ ಸಮುದಾಯದ ನಾಯಕರ ಧ್ವನಿ ಸಂಧಾನದಲ್ಲಿ ಕೇಳಿಬರಲಿಲ್ಲ. ಅದೇ ಉತ್ತರದ ಕಾಬೊ ಡೆಲ್ಗಾಡೊ ಪ್ರಾಂತ್ಯದಲ್ಲಿ 2017ರ ಅಕ್ಟೋಬರ್‌ನಿಂದ ಇಸ್ಲಾಮಿಕ್ ಉಗ್ರರ ದಂಗೆ ನಡೆಯುತ್ತಿದೆ. ಅದಕ್ಕೆ ಬೇರೆಯೇ ಕಾರಣಗಳಿವೆ, ರೋಮ್ ಒಪ್ಪಂದದ ತಲೆಗೆ ಅದನ್ನು ಕಟ್ಟಲಾಗದು. ಆದರೂ ಅಲ್ಲಿ ಮಾತುಕತೆಯ ದಾರಿ ಹುಡುಕುವವರಿಗೆ ಆಸರೆಯಾಗಬಲ್ಲ ನಂಟನ್ನು 1980ರ ದಶಕದಲ್ಲಿ ಬಿಷಪ್ಪರು ಬೆಳೆಸಿದಂತೆ ಮುಸ್ಲಿಂ ಹಿರಿಯರ ಜೊತೆ ಯಾರೂ ಬೆಳೆಸದೇ ಹೋದದ್ದು ದೊಡ್ಡ ನಷ್ಟ.

ಇನ್ನೊಂದು ಕೊರತೆ ಒಪ್ಪಂದದ ಜಾರಿಯಲ್ಲಿತ್ತು. 30,000 ಜನರ ಜಂಟಿ ಸೈನ್ಯವನ್ನು ಕಟ್ಟುವ ಯೋಜನೆಗೆ ಸುಮಾರು 12,000 ಮಂದಿಯಷ್ಟೇ ಮುಂದೆ ಬಂದರು. ರೆನಾಮೊ ತನ್ನದೇ ಸಶಸ್ತ್ರ ಕಾವಲು ಪಡೆಯನ್ನು ಉಳಿಸಿಕೊಂಡಿತು. ಚುನಾವಣೆಯ ಮೇಲೆ ಚುನಾವಣೆ ಸೋತು ಅಧಿಕಾರದ ಪಾಲಿನಿಂದ ದೂರವೇ ಉಳಿದ ಆ ಪಕ್ಷ ಕಡೆಗೆ 2013ರಲ್ಲಿ ಮತ್ತೆ ಕಾಡು ಸೇರಿತು. ಆಗ ದೇಶದ ಅಧ್ಯಕ್ಷರಾಗಿದ್ದವರು ರೋಮ್‌ನಲ್ಲಿ ಸರ್ಕಾರದ ಪರವಾಗಿ ಸಂಧಾನ ನಡೆಸಿದ ಗೆಬುಜಾ ಅವರೇ. ಗೊನ್ಸಾಲ್ವೆಸ್ 2016ರಲ್ಲಿ ತೀರಿಕೊಂಡಾಗ ಅವರ ಸ್ವಂತ ಪ್ರಾಂತ್ಯವಾದ ಸೊಫಾಲಾದಲ್ಲಿ ಮತ್ತೆ ಗುಂಡಿನ ಸದ್ದು ಕೇಳಿಸುತ್ತಿತ್ತು. ಡ್ಲಕಾಮಾ 2018ರ ಮೇ ತಿಂಗಳಲ್ಲಿ ಗೊರೊಂಗೊಸಾದಲ್ಲಿಯೇ ನಿಧನರಾದರು. 2019ರ ಆಗಸ್ಟ್‌ನಲ್ಲಿ ಹೊಸ ಒಪ್ಪಂದವಾಯಿತು. ಆ ಸಲ ಮುಖ್ಯ ಮಧ್ಯಸ್ಥಿಕೆಯ ಕೆಲಸ ಸ್ವಿಟ್ಜರ್ಲೆಂಡಿನ ರಾಜತಾಂತ್ರಿಕ ಮಿರ್ಕೊ ಮಂಜೋನಿ ಅವರದಾಗಿತ್ತು, ಮರುತಿಂಗಳು ಪೋಪ್ ಫ್ರಾನ್ಸಿಸ್ ಮಾಪುಟೊಗೆ ಬಂದರು. ರೆನಾಮೊದ ಕೊನೆಯ ನೆಲೆ 2023ರ ಜೂನ್‌ನಲ್ಲಿ ಮುಚ್ಚಿತು. 1992ರಲ್ಲಿ ಕಾಗದದ ಮೇಲೆ ಬರೆದಿದ್ದ ನಿಶ್ಶಸ್ತ್ರೀಕರಣ ನೆಲದ ಮೇಲೆ ಪೂರ್ತಿಯಾಗಲು 30 ವರ್ಷಕ್ಕೂ ಹೆಚ್ಚು ಹಿಡಿಯಿತು.